ಡಾರ್ವಿನ್ ಮನೆಯಲ್ಲಿ ಯಾರ್ಯಾರು ಏನೇನು ಮಾಡಿದರು

1831ರ ಆಗಸ್ಟ್ 31ರಂದು ಇಂಗ್ಲೆಂಡಿನ ಮೇರ್ ಎಂಬಲ್ಲಿಂದ ಒಬ್ಬ ಸೋದರಮಾವ ತನ್ನ ಭಾವನಿಗೆ ಪತ್ರ ಬರೆದ. ಅಕ್ಕನ ಮಗನನ್ನು ಹಡಗು ಹತ್ತಿಸುವ ವಿಷಯ. ಹುಡುಗನಿಗೆ 22 ವರ್ಷ. ಅಪ್ಪನ ಹಾಗೆ ಡಾಕ್ಟರಾಗಲಿ ಅಂತ ಎಡಿನ್‌ಬರೋಗೆ ಕಳಿಸಿದರೆ ಅರ್ಧಕ್ಕೇ ಬಿಟ್ಟು ಬಂದಿದ್ದ. ಪಾದ್ರಿಯಾದರೂ ಆಗಲಿ ಅಂತ ಕೇಂಬ್ರಿಡ್ಜ್‌ಗೆ ಸೇರಿಸಿದರೆ ಜೀರುಂಡೆ ಹಿಡಿದುಕೊಂಡು ತಿರುಗಿದ್ದ. ಹೇಗೋ ಡಿಗ್ರಿ ಮುಗಿಸಿ ಮನೆಗೆ ಬಂದಿದ್ದಾಗ ಅವನ ಮೇಷ್ಟ್ರು ಹೆನ್ಸ್‌ಲೋ ಅವರಿಂದ ಕಾಗದ ಬಂತು. ಬೀಗಲ್ ಎಂಬ ಹಡಗು ದಕ್ಷಿಣ ಅಮೆರಿಕದ ಕರಾವಳಿ ಅಳೆಯಲು ಹೊರಟಿದೆ, ಗಿಡ ಪ್ರಾಣಿ ಕಲ್ಲು ಮಣ್ಣು ಬಲ್ಲ ಒಬ್ಬರು ಜೊತೆಗೆ ಬೇಕು, ಹೋಗುತ್ತೀಯಾ ಅಂತ. ಸಂಬಳ ಇಲ್ಲ.

ಅಪ್ಪ ರಾಬರ್ಟ್ ಡಾರ್ವಿನ್ ಸುತರಾಂ ಒಪ್ಪಲಿಲ್ಲ. ಆದರೆ ಒಂದು ಕಿಂಡಿ ಬಿಟ್ಟ. ಬುದ್ಧಿ ನೆಟ್ಟಗಿರುವ ಯಾರಾದರೂ ಒಬ್ಬರು ಹೋಗು ಅಂದರೆ ನಾನೂ ಹೂಂ ಅನ್ನುತ್ತೇನೆ ಅಂದ. ಮಗ ಚಾರ್ಲ್ಸ್ 'ಬರಲಾಗುವುದಿಲ್ಲ' ಅಂತ ಉತ್ತರ ಬರೆದು ಹಾಕಿದ. ಬೇಟೆಯ ಕಾಲ ಶುರುವಾಗುವುದರಲ್ಲಿತ್ತು, ಕೋವಿ ಎತ್ತಿಕೊಂಡು ಸೋದರಮಾವ ಜೊಸಾಯ ವೆಜ್‌ವುಡ್‌ನ ಮನೆಗೆ ಹೋದ.

ಅಲ್ಲಿ ವಿಷಯ ತಿರುಗಿತು. ಅಪ್ಪ ಏನೇನು ಅಡ್ಡಿ ಹೇಳಿದ್ದಾರೋ ಎಲ್ಲ ಬರೆದುಕೊಡು ಅಂತ ಮಾವ ಪಟ್ಟಿ ಮಾಡಿಸಿದ. ಎಂಟು ಆಕ್ಷೇಪಣೆ. ಮುಂದೆ ಪಾದ್ರಿಯಾಗುವವನ ಮರ್ಯಾದೆಗೆ ಇದು ತಕ್ಕದ್ದಲ್ಲ. ಹುಚ್ಚು ಸಾಹಸ. ಇವನಿಗಿಂತ ಮೊದಲು ಬೇರೆಯವರನ್ನೂ ಕೇಳಿರುತ್ತಾರೆ, ಅವರು ಬೇಡ ಅಂದಿದ್ದರೆ ಹಡಗಿನಲ್ಲೇ ಏನೋ ಐಬಿರಬೇಕು. ಇದಾದ ಮೇಲೆ ಹುಡುಗ ಒಂದು ಕಡೆ ನೆಲೆ ನಿಲ್ಲುವುದಿಲ್ಲ. ಹೀಗೆ. ಈಗಲೂ ಯಾವ ಅಪ್ಪನಾದರೂ ಹೇಳುವಂಥ ಮಾತೇ ಅಲ್ವಾ? ಜೊಸಾಯ ಒಂದೊಂದಕ್ಕೂ ನಂಬರ್ ಹಾಕಿ ತಾಳ್ಮೆಯಿಂದ ಉತ್ತರ ಬರೆದ. ಕೊನೆಯ ಆಕ್ಷೇಪಣೆ, ಇದರಿಂದ ಏನೂ ಪ್ರಯೋಜನ ಇಲ್ಲ ಅನ್ನುವುದು. ಅದಕ್ಕೆ ಅವನ ಉತ್ತರದ ತಿರುಳು ಇದು: ಅವನ ವೃತ್ತಿಗೆ ಪ್ರಯೋಜನ ಇಲ್ಲ, ನಿಜ. ಆದರೆ ಕುತೂಹಲ ತುಂಬಿದ ಹುಡುಗ ಅಂತ ನೋಡಿದರೆ, ಜನರನ್ನೂ ಜಗತ್ತನ್ನೂ ಕಾಣುವ ಇಂಥ ಅವಕಾಶ ಸಿಗುವುದು ತುಂಬ ಕಡಿಮೆ ಜನಕ್ಕೆ.

ಮಾರನೆಯ ದಿನ ಮಾವನೇ ಅಳಿಯನನ್ನು ಗಾಡಿಯಲ್ಲಿ ಕೂರಿಸಿಕೊಂಡು ಶ್ರೂಸ್‌ಬರಿಗೆ ಹೋದ. ಅಷ್ಟರಲ್ಲಿ ಅಪ್ಪ ಮೆತ್ತಗಾಗಿದ್ದ. ಕಾಲೇಜಿನಲ್ಲಿ ದುಂದು ಮಾಡಿದ್ದ ಮಗ ಸಮಾಧಾನಕ್ಕೆ ಹೇಳಿದ: 'ಹಡಗಿನಲ್ಲಿ ಕೂತು, ನೀವು ಕೊಡುವ ದುಡ್ಡಿಗಿಂತ ಜಾಸ್ತಿ ಖರ್ಚು ಮಾಡಬೇಕು ಅಂದರೆ ನಾನು ಭಾರೀ ಬುದ್ಧಿವಂತನೇ ಆಗಿರಬೇಕು.' ಅಪ್ಪ ನಕ್ಕ: 'ನೀನು ಬುದ್ಧಿವಂತ ಅಂತಲೇ ಎಲ್ಲರೂ ಹೇಳುತ್ತಾರಲ್ಲ!' ಡಿಸೆಂಬರ್ 27ಕ್ಕೆ ಬೀಗಲ್ ಹೊರಟಿತು. ಸುಮಾರು ಐದು ವರ್ಷದ ಆ ಪ್ರಯಾಣಕ್ಕೆ ದುಡ್ಡು ಕೊಟ್ಟವನು ಬೇಡ ಅಂದಿದ್ದ ಅಪ್ಪನೇ.

ಈ ಕತೆಯನ್ನು ಇಷ್ಟುದ್ದ ಹೇಳಿದ್ದಕ್ಕೆ ಕಾರಣ ಇದೆ. 'ಮನೆಯವರ ಬೆಂಬಲದಿಂದಲೇ ಇದೆಲ್ಲ ಸಾಧ್ಯವಾಯಿತು' ಅನ್ನುವುದು ಪ್ರಶಸ್ತಿ ಪಡೆದವರೆಲ್ಲ ಹೇಳುವ ಮಾತು. ನಾವು ಚಪ್ಪಾಳೆ ತಟ್ಟಿ ಎದ್ದು ಬರುತ್ತೇವೆ. ಬೆಂಬಲ ಅಂದರೆ ಯಾವ ಕೆಲಸ, ಅದನ್ನು ಮಾಡಿದವರು ಯಾರು, ದುಡ್ಡು ಎಲ್ಲಿಂದ ಬಂತು, ಅದರಿಂದ ಸಾಧನೆಯ ಒಳಗೆ ಏನು ಬದಲಾಯಿತು ಅಂತ ಕೇಳುವುದಿಲ್ಲ. ಕೇಳಿದರೂ ಹೆಚ್ಚಿನ ಮನೆಗಳಲ್ಲಿ ಉತ್ತರ ಸಿಗುವುದಿಲ್ಲ, ಯಾಕೆಂದರೆ ಯಾರೂ ಬರೆದಿಟ್ಟಿರುವುದಿಲ್ಲ. ಡಾರ್ವಿನ್ ಮನೆಯವರು ಮಾತ್ರ ಕಾಗದ ಎಸೆಯುವ ಜಾತಿಯಲ್ಲ. ಪತ್ರ, ಲೆಕ್ಕದ ಪುಸ್ತಕ, ಡೈರಿ, ಮಕ್ಕಳು ಗೀಚಿದ ಚಿತ್ರ, ಎಲ್ಲ ಉಳಿದಿವೆ. ಹಾಗಾಗಿ ಇಲ್ಲಿ ಬಿಡಿಸಿ ನೋಡಬಹುದು.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಬದುಕಿಗೆ ಒದಗುವ ಗುಣ ಇರುವ ಜೀವಿಗಳೇ ಹೆಚ್ಚು ಉಳಿದು ಸಂತಾನ ಬೆಳೆಸುತ್ತವೆ, ಹಾಗಾಗಿ ಜೀವಜಾತಿಗಳು ನಿಧಾನಕ್ಕೆ ಬದಲಾಗುತ್ತವೆ ಅನ್ನುವುದು 'ನಿಸರ್ಗದ ಆಯ್ಕೆ'. ಆ ಹೊಳಹನ್ನು ಡಾರ್ವಿನ್‌ಗೆ ಮನೆಯವರು ಕೊಡಲಿಲ್ಲ. ಅದು ಹೊಳೆದದ್ದು 1838ರಲ್ಲಿ, ಅರ್ಥಶಾಸ್ತ್ರಜ್ಞ ಮಾಲ್ತಸ್ ಜನಸಂಖ್ಯೆಯ ಬಗ್ಗೆ ಬರೆದದ್ದನ್ನು ಓದುವಾಗ. ಆಗ ಅವನಿನ್ನೂ ಲಂಡನ್ನಿನಲ್ಲಿದ್ದ ಬ್ರಹ್ಮಚಾರಿ. ಅದೇ ಹೊಳಹು 20 ವರ್ಷದ ನಂತರ ಆಲ್ಫ್ರೆಡ್ ರಸೆಲ್ ವಾಲೇಸ್ ಎಂಬವನಿಗೂ ಬಂತು. ಅವನಿಗೆ ಆಸ್ತಿ ಇರಲಿಲ್ಲ, ಮದುವೆ ಆಗಿರಲಿಲ್ಲ. ಈಗಿನ ಇಂಡೊನೇಷ್ಯಾದ ದ್ವೀಪಗಳಲ್ಲಿ ಜ್ವರದಿಂದ ಮಲಗಿದ್ದಾಗ ಹೊಳೆಯಿತಂತೆ. ಅಂದರೆ ಹೊಳಹಿಗೆ ಮನೆ ಮಠ ಬೇಕಿಲ್ಲ. ಆದರೆ ಹೊಳೆದದ್ದನ್ನು ಜಗತ್ತು ಒಪ್ಪುವ ಹಾಗೆ ಸಾಬೀತು ಮಾಡಲು ರಾಶಿ ರಾಶಿ ಪುರಾವೆ ಬೇಕು, ಅದಕ್ಕೆ ವರ್ಷಗಟ್ಟಲೆ ಸಮಯ ಬೇಕು. ಆ ಸಮಯ ಎಲ್ಲಿಂದ ಬಂತು ಅನ್ನುವುದೇ ಪ್ರಶ್ನೆ.

ಒಂದು ಉತ್ತರ ಸುಮ್ನೆ ದುಡ್ಡು. 1839ರ ಜನವರಿಯಲ್ಲಿ ಚಾರ್ಲ್ಸ್ ಮದುವೆಯಾದದ್ದು ಅದೇ ಸೋದರಮಾವನ ಮಗಳು ಎಮ್ಮಾಳನ್ನು. ನಮ್ಮ ಕಡೆಯವರಿಗೆ ಈ ಸಂಬಂಧವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಡಿನ ಅಪ್ಪ 10,000 ಪೌಂಡ್ ಇಟ್ಟ, ಹೆಣ್ಣಿನ ಅಪ್ಪ 5,000 ಪೌಂಡ್ ಇಟ್ಟು ಮೇಲೆ ವರ್ಷಕ್ಕೆ 400 ಕೊಡುತ್ತೇನೆಂದ. ಒಂದು ಕಡೆ ವೈದ್ಯಕೀಯ ಮತ್ತು ಸಾಲ ಕೊಟ್ಟು ಬಂದ ಬಡ್ಡಿಯ ಹಣ, ಇನ್ನೊಂದು ಕಡೆ ಹೆಸರಾಂತ ವೆಜ್‌ವುಡ್ ಪಿಂಗಾಣಿಯ ಹಣ. ಡಾರ್ವಿನ್ ಜೀವಮಾನದಲ್ಲಿ ಸಂಬಳದ ಕೆಲಸ ಮಾಡಲಿಲ್ಲ. 1846ರಿಂದ 1854ರವರೆಗೆ, ಎಂಟು ವರ್ಷ, ಬಂಡೆಗೂ ಹಡಗಿನ ತಳಕ್ಕೂ ಅಂಟಿಕೊಳ್ಳುವ ಬಾರ್ನಕಲ್ ಎಂಬ ಪುಟ್ಟ ಜೀವಿಗಳನ್ನು ಸೀಳಿ ನೋಡುತ್ತ ಕೂತ. ಅವನ ಮಕ್ಕಳಿಗೆ ಅಪ್ಪಂದಿರೆಲ್ಲ ಮಾಡುವ ಕೆಲಸವೇ ಇದು ಅನ್ನಿಸಿಬಿಟ್ಟಿತ್ತು. ಪಕ್ಕದ ಮನೆಯವರ ಬಗ್ಗೆ ಒಂದು ಮಗು ಕೇಳಿತಂತೆ: 'ಹಾಗಾದರೆ ಅವರು ತಮ್ಮ ಬಾರ್ನಕಲ್ ಕೆಲಸ ಎಲ್ಲಿ ಮಾಡುತ್ತಾರೆ?'

ವಾಲೇಸ್‌ನ ಲೆಕ್ಕವೇ ಬೇರೆ. ಹದಿನಾಲ್ಕರ ಹೊತ್ತಿಗೆಲ್ಲ ಶಾಲೆ ಬಿಟ್ಟು, ಅಣ್ಣನ ಜೊತೆ ಜಮೀನು ಸರ್ವೆ ಮಾಡುತ್ತ ಬದುಕು ಕಟ್ಟಿಕೊಂಡವನು. ಚಿಟ್ಟೆ, ಜೀರುಂಡೆ, ಹಕ್ಕಿ ಹಿಡಿದು ಲಂಡನ್ನಿನ ಏಜೆಂಟನಿಗೆ ಕಳಿಸಿದರೆ ಅವನು ಮಾರುತ್ತಿದ್ದ, ಆ ಹಣದಲ್ಲಿ ಮುಂದಿನ ಪ್ರಯಾಣ. ಅವನಿಗೂ ಮನೆಯವರ ಒತ್ತಾಸೆ ಇತ್ತು. ತಮ್ಮ ಹರ್ಬರ್ಟ್ ಅಮೆಜಾನ್‌ವರೆಗೂ ಹಿಂದೆ ಬಂದ. ಅಲ್ಲೇ 1851ರಲ್ಲಿ ಹಳದಿ ಜ್ವರಕ್ಕೆ ಸತ್ತ. ಮರುವರ್ಷ ವಾಲೇಸ್ ವಾಪಸು ಬರುವಾಗ ಹಡಗಿಗೇ ಬೆಂಕಿ ಬಿದ್ದು ಸಂಗ್ರಹವೆಲ್ಲ ಸುಟ್ಟುಹೋಯಿತು. ಏಜೆಂಟ್ 200 ಪೌಂಡಿಗೆ ವಿಮೆ ಮಾಡಿಸಿದ್ದರಿಂದ ಉಳಿದುಕೊಂಡ. ಬೆಂಬಲ ಅನ್ನುವಾಗ ಪ್ರೀತಿಯನ್ನಷ್ಟೇ ಲೆಕ್ಕ ಹಿಡಿದರೆ ಎರಡು ಮನೆಗೂ ವ್ಯತ್ಯಾಸ ಕಾಣುವುದಿಲ್ಲ. ಹರ್ಬರ್ಟ್‌ಗಿಂತ ಜಾಸ್ತಿ ಪ್ರೀತಿ ಯಾರು ತೋರಿಸಿಯಾರು? ಕೈಸುಟ್ಟುಕೊಂಡಾಗ ಹಿಡಿದು ನಿಲ್ಲಿಸುವ ಆಸ್ತಿ ಆ ಮನೆಯಲ್ಲಿರಲಿಲ್ಲ, ಅಷ್ಟೇ.

ದುಡ್ಡಿನ ಮಾತು ಇಲ್ಲಿಗೆ ಸಾಕು. ದುಡ್ಡಿದ್ದ ಜಮೀನ್ದಾರರ ಮಕ್ಕಳು ಇಂಗ್ಲೆಂಡಿನಲ್ಲಿ ಸಾವಿರಾರು ಜನ ಇದ್ದರು, ನರಿ ಬೇಟೆಯಾಡಿಕೊಂಡು ಸತ್ತರು. ಡಾರ್ವಿನ್ ಮನೆಯಲ್ಲಿ ಬೇರೆ ಏನೋ ಇತ್ತು. ಅದರ ನಡುವೆ ಇದ್ದವಳು ಎಮ್ಮಾ.

ಮದುವೆಗೆ ಮುಂಚೆ ಅಪ್ಪ ಮಗನಿಗೆ ಒಂದು ಬುದ್ಧಿವಾದ ಹೇಳಿದ್ದ. ಧರ್ಮದ ಬಗ್ಗೆ ನಿನಗೆ ಏನು ಅನುಮಾನ ಇದ್ದರೂ ಹೆಂಡತಿಯ ಹತ್ತಿರ ಬಾಯಿ ಬಿಡಬೇಡ. ಮಗ ಕೇಳಲಿಲ್ಲ, ಹೇಳಿಬಿಟ್ಟ. ಎಮ್ಮಾ ದೈವಭಕ್ತೆ. ಸತ್ತ ಮೇಲೆ ಇಬ್ಬರೂ ಮತ್ತೆ ಸೇರುತ್ತೇವೆ ಅನ್ನುವುದು ಅವಳಿಗೆ ಬರೀ ಮಾತಲ್ಲ. ಮದುವೆಯಾದ ಹೊಸದರಲ್ಲಿ ಗಂಡನಿಗೆ ಒಂದು ಪತ್ರ ಬರೆದಳು. ಒಂದೇ ಮನೆಯಲ್ಲಿದ್ದರೂ ಎದುರಿಗೆ ಹೇಳಲಾಗದ್ದನ್ನು ಕಾಗದದಲ್ಲಿಟ್ಟಳು. ಪುರಾವೆ ಸಿಗುವವರೆಗೆ ಏನನ್ನೂ ನಂಬಬಾರದು ಎಂಬ ವಿಜ್ಞಾನದ ಅಭ್ಯಾಸ, ಹಾಗೆ ಪುರಾವೆ ಕೊಡಲಾಗದ ವಿಷಯಗಳಲ್ಲೂ ನಿನ್ನ ಮನಸ್ಸನ್ನು ಜಾಸ್ತಿ ಆಳಿಬಿಡುತ್ತದೇನೋ ಅಂತ ಕೇಳಿದಳು. ಆ ಪತ್ರದ ಕೊನೆಯಲ್ಲಿ ಚಾರ್ಲ್ಸ್‌ನ ಕೈಬರಹ ಇದೆ: 'ನಾನು ಸತ್ತ ಮೇಲೆ ತಿಳಿದುಕೋ, ಇದಕ್ಕೆ ಎಷ್ಟೋ ಸಲ ಮುತ್ತಿಟ್ಟು ಅತ್ತಿದ್ದೇನೆ.'

ಈಗ 1844ಕ್ಕೆ ಬನ್ನಿ. ಸಿದ್ಧಾಂತವನ್ನು ಡಾರ್ವಿನ್ ಸುಮಾರು 230 ಪುಟದ ಪ್ರಬಂಧವಾಗಿ ಬರೆದ, ಪ್ರಕಟಿಸಲಿಲ್ಲ. ಅದರ ಜೊತೆ ಎಮ್ಮಾಗೆ ಒಂದು ಪತ್ರ ಬರೆದಿಟ್ಟ. ನಾನು ದಿಢೀರನೆ ಸತ್ತರೆ 400 ಪೌಂಡ್ ತೆಗೆದಿಟ್ಟು, ತಕ್ಕ ಸಂಪಾದಕರನ್ನು ಹುಡುಕಿ ಇದನ್ನು ಅಚ್ಚು ಹಾಕಿಸು. ಯಾರನ್ನು ಕೇಳಬಹುದು ಅಂತ ಹೆಸರುಗಳನ್ನೂ ಕೊಟ್ಟ. ಗಂಡನನ್ನು ಪರಲೋಕದಲ್ಲಿ ತನ್ನಿಂದ ದೂರ ಮಾಡಬಹುದು ಅಂತ ಅವಳು ಹೆದರುತ್ತಿದ್ದ ವಿಚಾರ ಅದು. ಅದನ್ನು ಜೋಪಾನವಾಗಿ ಲೋಕಕ್ಕೆ ಮುಟ್ಟಿಸುವ ಹೊಣೆ ಅವಳಿಗೇ. ಅವನಿಗೆ ಬೇರೆ ಯಾರ ಮೇಲೂ ಅಷ್ಟು ನಂಬಿಕೆ ಬರಲಿಲ್ಲ.

ಅವಳು ಆ ಹಸ್ತಪ್ರತಿಯನ್ನು ಓದಿದಳು. ಸುಮ್ಮನೆ ಓದಲಿಲ್ಲ. ಕಣ್ಣಿನಂಥ ಅಂಗ ಕೂಡ ಸಣ್ಣ ಸಣ್ಣ ಬದಲಾವಣೆಗಳು ಕೂಡಿಕೊಂಡು ನಿಧಾನಕ್ಕೆ ಆಗಿರಬಹುದು ಎಂಬ ಜಾಗದ ಪಕ್ಕದಲ್ಲಿ, ಇದು ತೀರಾ ದೊಡ್ಡ ಊಹೆ ಅಂತ ಗೀಚಿ ಕೆಳಗೆ ತನ್ನ ಹೆಸರಿನ ಎರಡಕ್ಷರ ಹಾಕಿದಳು. ನನಗೆ ಈ ಇಡೀ ಕತೆಯಲ್ಲಿ ಅತ್ಯಂತ ಮುಖ್ಯ ಅನ್ನಿಸುವುದು ಆ ಗೀಚು. ಮುಂದೆ ಅಚ್ಚಾದ ಪುಸ್ತಕ 'ಆನ್ ದಿ ಒರಿಜಿನ್ ಆಫ್ ಸ್ಪೀಷೀಸ್' ತೆಗೆದು ನೋಡಿ. ಕಣ್ಣಿನ ವಿಷಯ ಬಂದಾಗ ಡಾರ್ವಿನ್ ನೇರ ನುಗ್ಗುವುದಿಲ್ಲ. ಇದು ಅಸಂಬದ್ಧ ಅನ್ನಿಸುತ್ತದೆ, ನಾನೂ ಒಪ್ಪುತ್ತೇನೆ ಅಂತ ಶುರು ಮಾಡಿ, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಓದುಗನನ್ನು ಕರೆದುಕೊಂಡು ಹೋಗುತ್ತಾನೆ. ಎಮ್ಮಾಳ ಟಿಪ್ಪಣಿಯಿಂದಲೇ ಹೀಗೆ ಬರೆದ ಅಂತ ಹೇಳಲು ಬರುವುದಿಲ್ಲ. ಆದರೆ ಪುಸ್ತಕ ಹೊರಬಂದಾಗ ಎದುರಾಗಲಿದ್ದ ಓದುಗ ಹೇಗಿರುತ್ತಾನೆ ಅನ್ನುವುದು ಅವನಿಗೆ 20 ವರ್ಷ ಊಟದ ಮೇಜಿನ ಎದುರುಗಡೆ ಕಾಣುತ್ತಿತ್ತು. ಬುದ್ಧಿವಂತ, ಪ್ರಾಮಾಣಿಕ, ದೇವರನ್ನು ನಂಬುವ, ಸುಲಭಕ್ಕೆ ಒಪ್ಪದ ಓದುಗ. ಕೊನೆಗೆ 1859ರಲ್ಲಿ ಪುಸ್ತಕ ಅಚ್ಚಿಗೆ ಹೋದಾಗ ಕರಡು ತಿದ್ದಲು ಕೂತವರಲ್ಲಿ ಎಮ್ಮಾಳೂ ಇದ್ದಳು.

ಬೆಂಬಲ ಅಂದರೆ ಹೌದಪ್ಪ ಅನ್ನುವುದು ಅಂತ ನಾವು ತಿಳಿದುಕೊಂಡಿರುತ್ತೇವೆ. ಈ ಮನೆಯಲ್ಲಿ ಹೌದಪ್ಪಗಳು ಕಡಿಮೆ. ಚಾರ್ಲ್ಸ್‌ಗೆ ಎಂಟು ವರ್ಷ ಇದ್ದಾಗಲೇ ತಾಯಿ ತೀರಿಕೊಂಡಿದ್ದಳು. ಬೆಳೆಸಿದವರು ಅಕ್ಕಂದಿರು. ಬೀಗಲ್ ಪ್ರಯಾಣದಲ್ಲಿ ಅವನು ಮನೆಗೆ ಕಳಿಸಿದ ದಿನಚರಿ ಓದಿ ಅಕ್ಕ ಕ್ಯಾರೊಲಿನ್ ಬರೆದದ್ದು ನೋಡಿ: ಪ್ರವಾಸಿ ವಿಜ್ಞಾನಿ ಹಂಬೋಲ್ಟ್‌ನನ್ನು ಓದಿ ಓದಿ ನಿನಗೂ ಅವನ ಹೂವು ಬಳ್ಳಿಯ ಮಾತು ಅಂಟಿಕೊಂಡಿದೆ, ನಿನ್ನದೇ ನೇರ ಸರಳ ಶೈಲಿ ಇದಕ್ಕಿಂತ ಎಷ್ಟೋ ಚೆನ್ನ. ತಮ್ಮ ಒಪ್ಪಿಕೊಂಡ. ಮುಂದೆ 1870ರಲ್ಲಿ ಅದೇ ಕೆಲಸ ಮಗಳು ಹೆನ್ರಿಯೆಟಾಗೆ ಬಂತು. ಮನುಷ್ಯನ ಮೂಲದ ಬಗ್ಗೆ ಬರೆದ ಪುಸ್ತಕದ ಅಧ್ಯಾಯಗಳನ್ನು ಫ್ರಾನ್ಸಿನಲ್ಲಿದ್ದ ಅವಳಿಗೆ ಅಂಚೆಯಲ್ಲಿ ಕಳಿಸಿ, ಎಲ್ಲಿ ಸ್ಪಷ್ಟ ಇಲ್ಲ ಹೇಳು ಅಂದ. ಕೆಲವು ಕಡೆ ಚರ್ಚಿನ ಉಪದೇಶದ ಹಾಗೆ ಆಗಿದೆಯೇನೋ, ನಾನು ಪಾದ್ರಿಯಾಗುತ್ತೇನೆ ಅಂತ ಯಾರು ಎಣಿಸಿದ್ದರು ಅಂತ ಜೊತೆಗೆ ತಮಾಷೆ. ಅಪ್ಪ ಅಂದುಕೊಂಡಿದ್ದ ವೃತ್ತಿ ಅದೇ ತಾನೆ!

ಇನ್ನು ಸಮಯದ ವಿಷಯ. ಡಾರ್ವಿನ್ ಬಹುಪಾಲು ಆಯುಷ್ಯ ಕಾಯಿಲೆಯವನು. ವಾಂತಿ, ತಲೆಸುತ್ತು, ನಿಶ್ಶಕ್ತಿ. ಕಾರಣ ಏನು ಅಂತ ಇವತ್ತಿಗೂ ವೈದ್ಯರಲ್ಲಿ ಒಮ್ಮತ ಇಲ್ಲ. 1842ರಲ್ಲಿ ಲಂಡನ್ ಬಿಟ್ಟು ಕೆಂಟ್ ಪ್ರಾಂತ್ಯದ ಡೌನ್ ಎಂಬ ಹಳ್ಳಿಗೆ ಬಂದ ಮೇಲೆ ಎಮ್ಮಾ ಇಡೀ ಮನೆಯನ್ನು ಅವನ ದಿನಚರಿಯ ಸುತ್ತ ಕಟ್ಟಿದಳು. ಬೆಳಿಗ್ಗೆ ಎಂಟರಿಂದ ಒಂಬತ್ತೂವರೆ ಕೆಲಸ. ಆಮೇಲೆ ಒಂದು ಗಂಟೆ ಸೋಫಾ ಮೇಲೆ ಒರಗಿಕೊಂಡು ಮನೆಗೆ ಬಂದ ಪತ್ರ ಓದಿಸಿ ಕೇಳುವುದು, ಕಾದಂಬರಿ ಕೇಳುವುದು. ಮತ್ತೆ ಹನ್ನೆರಡರವರೆಗೆ ಕೆಲಸ. ಆಮೇಲೆ ಮಳೆಯಿರಲಿ ಬಿಸಿಲಿರಲಿ ತೋಟದ ಅಂಚಿನ ಮರಳು ಹಾದಿಯಲ್ಲಿ ನಡಿಗೆ. ಮಧ್ಯಾಹ್ನ ಮತ್ತೆ ಓದಿಸಿ ಕೇಳುವುದು, ಸಂಜೆ ಒಂದು ಗಂಟೆ ಕೆಲಸ, ರಾತ್ರಿ ಎಮ್ಮಾ ಜೊತೆ ಎರಡು ಆಟ ಬ್ಯಾಕ್‌ಗ್ಯಾಮನ್. ಇದರ ಸೋಲು ಗೆಲುವಿನ ಲೆಕ್ಕವನ್ನೂ ಇಟ್ಟಿದ್ದ ಪುಣ್ಯಾತ್ಮ. 1876ರ ಹೊತ್ತಿಗೆ ಅವನು ಗೆದ್ದದ್ದು 2,795, ಎಮ್ಮಾ ಗೆದ್ದದ್ದು 2,490.

ಲೆಕ್ಕ ಹಾಕಿ, ದಿನಕ್ಕೆ ನಾಲ್ಕು ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ. ಆದರೆ ಕಾಯಿಲೆ ಮಲಗಿಸಿದ ದಿನಗಳನ್ನು ಬಿಟ್ಟರೆ ಆ ನಾಲ್ಕು ಗಂಟೆ ನಲವತ್ತು ವರ್ಷ ತಪ್ಪಲಿಲ್ಲ. ಬಂದ ನೆಂಟರನ್ನು ಸಂಭಾಳಿಸುವವರು, ಮಕ್ಕಳಿಗೆ ಜ್ವರ ಬಂದರೆ ಎದ್ದು ಕೂರುವವರು, ಅಡುಗೆಯವರಿಗೆ ಹೇಳುವವರು ಬೇರೆ ಇದ್ದರು. ಬಟ್ಲರ್ ಪಾರ್ಸ್‌ಲೋ ಮೂರು ದಶಕಕ್ಕೂ ಮೀರಿ ಆ ಮನೆಯಲ್ಲಿದ್ದ. 'ಕುಟುಂಬದ ಬೆಂಬಲ' ಅನ್ನುವ ಮಾತಿನ ಕೆಳಗೆ ಸಂಬಳದ ಆಳುಗಳು ಎಷ್ಟು ಜನ ಇರುತ್ತಾರೆ ಅನ್ನುವುದನ್ನು ಜೀವನಚರಿತ್ರೆಗಳು ಒಂದೇ ಸಾಲಿನಲ್ಲಿ ದಾಟಿಬಿಡುತ್ತವೆ.

ಹಾಗಂತ ಮಕ್ಕಳನ್ನು ಶ್... ಅಂತ ದೂರ ಇಟ್ಟಿದ್ದರು ಅಂದುಕೊಳ್ಳಬೇಡಿ. ಆ ಮಕ್ಕಳು ಪ್ರಯೋಗದ ಒಳಗೇ ಇದ್ದರು. ಗಂಡು ಬಂಬಲ್‌ಬೀಗಳು, ಅಂದರೆ ರೋಮ ರೋಮದ ದಪ್ಪ ದುಂಬಿಗಳು, ಒಂದೇ ದಾರಿಯಲ್ಲಿ ಹಾರಿ ಕೆಲವು ಗೊತ್ತಾದ ಜಾಗಗಳಲ್ಲಿ ಗುಂಯ್‌ಗುಡುತ್ತವೆ ಅಂತ ಡಾರ್ವಿನ್‌ಗೆ ಅನುಮಾನ ಬಂತು. ಒಬ್ಬನೇ ಹೇಗೆ ಹಿಂಬಾಲಿಸುವುದು? ಐದಾರು ಮಕ್ಕಳನ್ನು ಬೇಲಿಯ ಉದ್ದಕ್ಕೂ ಒಬ್ಬೊಬ್ಬರನ್ನು ಒಂದೊಂದು ಜಾಗದಲ್ಲಿ ನಿಲ್ಲಿಸಿದ. ದುಂಬಿ ತಮ್ಮ ಹತ್ತಿರ ಬಂದ ಕೂಡಲೇ ಮಗು ಕೂಗಬೇಕು, ಮುಂದಿನ ಮಗು ಕಾದಿರಬೇಕು. ದಾರಿ ಸಿಕ್ಕಿತು. 1855ರಲ್ಲಿ ಉಪ್ಪು ನೀರಿನಲ್ಲಿ ಬೀಜ ನೆನೆಹಾಕಿ ಅವು ಸಮುದ್ರ ದಾಟಿಯೂ ಮೊಳೆಯಬಲ್ಲವೇ ಅಂತ ನೋಡುವಾಗಲೂ ಹಾಗೇ. ಸಸ್ಯವಿಜ್ಞಾನಿ ಹುಕರ್‌ಗೆ ಅವು ಸಾಯುತ್ತವೆ ಅನ್ನಿಸಿತ್ತು. ಮಕ್ಕಳು ಬಂದು ಬಂದು ಕೇಳುತ್ತಿದ್ದರು, ಅಪ್ಪಾ ನೀನು ಡಾಕ್ಟರ್ ಹುಕರ್‌ನ ಸೋಲಿಸ್ತೀಯಾ ಅಂತ. 87 ಬಗೆಯಲ್ಲಿ 64 ಬಗೆ ಬೀಜ 28 ದಿನದ ನಂತರವೂ ಮೊಳೆತವು.

ಎರೆಹುಳುವಿನ ಕೆಲಸದಲ್ಲಂತೂ ಇಡೀ ಬಂಧುಬಳಗ ಇದೆ. ಹುಲ್ಲುಗಾವಲಿನ ಮೇಲೆ ಹಾಕಿದ ಸುಣ್ಣ, ಕಿಟ್ಟ ವರ್ಷಗಳಲ್ಲಿ ತಾನೇ ಒಳಗೆ ಇಳಿದಿರುವುದನ್ನು 1837ರಲ್ಲಿ ಅಗೆದು ತೋರಿಸಿ, ಇದು ಎರೆಹುಳುವಿನ ಕೆಲಸ ಇರಬೇಕು ಅಂದವನು ಮಾವ ಜೊಸಾಯ. ಅಳಿಯ ಆ ಎಳೆ ಬಿಡಲಿಲ್ಲ. 1881ರಲ್ಲಿ ಬಂದ ಅವನ ಕೊನೆಯ ಪುಸ್ತಕ ಅದರ ಮೇಲೇ. ಕಲ್ಲು ನೆಲಕ್ಕೆ ಎಷ್ಟೆಷ್ಟು ಇಳಿಯುತ್ತದೆ ಅಂತ ಅಳೆಯುವ ಉಪಕರಣ ಮಾಡಿಕೊಟ್ಟವನು ಮಗ ಹೊರೇಸ್. ಹುಳುಗಳಿಗೆ ಕಿವಿ ಕೇಳುತ್ತದೆಯೇ ಅಂತ ನೋಡಲು ಮಗ ಫ್ರಾನ್ಸಿಸ್ ಬಸೂನ್ ಊದಿದ, ಎಮ್ಮಾ ಪಿಯಾನೊ ನುಡಿಸಿದಳು. ಹುಳುಗಳು ಕ್ಯಾರೇ ಅನ್ನಲಿಲ್ಲ. ಕುಂಡಗಳನ್ನು ಪಿಯಾನೊ ಮೇಲೇ ಇಟ್ಟು ಸ್ವರ ಒತ್ತಿದಾಗ ಮಾತ್ರ ಸರಕ್ಕನೆ ಬಿಲಕ್ಕೆ ಇಳಿದವು. ಅಂದರೆ ಅವುಗಳಿಗೆ ಶಬ್ದ ಗೊತ್ತಾಗುವುದಿಲ್ಲ, ಅದುರುವುದು ಗೊತ್ತಾಗುತ್ತದೆ. ಪಿಯಾನೊ ಚೆನ್ನಾಗಿ ನುಡಿಸುವವರು ಮನೆಯಲ್ಲಿ ಇರದಿದ್ದರೆ ಈ ಪ್ರಯೋಗ ಹೊಳೆಯುತ್ತಿತ್ತೇ ಅನ್ನುವುದೇ ಅನುಮಾನ.

ಇಷ್ಟಕ್ಕೆಲ್ಲ ಬೆಲೆ ತೆತ್ತವರು ಯಾರು? ಎಮ್ಮಾ 1839ರಿಂದ 1856ರ ನಡುವೆ ಹತ್ತು ಮಕ್ಕಳನ್ನು ಹೆತ್ತಳು. ಕೊನೆಯ ಹೆರಿಗೆಗೆ ಅವಳಿಗೆ 48. ಮೂವರು ಎಳವೆಯಲ್ಲೇ ಹೋದರು. 1858ರ ಜೂನ್‌ನಲ್ಲಿ ಅದೇ ಹೊಳಹನ್ನು ವಿವರಿಸಿದ ವಾಲೇಸ್‌ನ ಪತ್ರ ಬಂದು ಡಾರ್ವಿನ್ ಕಂಗಾಲಾಗಿದ್ದಾಗ ಮನೆಯಲ್ಲಿ ಕೊನೆಯ ಕೂಸಿಗೆ ಕಡುಜ್ವರ. ಜೂನ್ 28ಕ್ಕೆ ಕೂಸು ಸತ್ತಿತು. ಜುಲೈ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿ ಎಂಬ ನಿಸರ್ಗ ವಿಜ್ಞಾನಿಗಳ ಸಂಘದಲ್ಲಿ ಇಬ್ಬರ ಬರಹಗಳನ್ನು ಒಟ್ಟಿಗೆ ಓದಿದಾಗ ಡಾರ್ವಿನ್ ಅಲ್ಲಿರಲಿಲ್ಲ. ಸ್ನೇಹಿತರಾದ ಹುಕರ್ ಮತ್ತು ಭೂವಿಜ್ಞಾನಿ ಲಯಲ್ ಎಲ್ಲ ನೋಡಿಕೊಂಡರು. ದೂರದ ದ್ವೀಪದಲ್ಲಿದ್ದ ವಾಲೇಸ್‌ಗೆ ವಿಷಯವೇ ಗೊತ್ತಿರಲಿಲ್ಲ.

ಸೋದರಮಾವನ ಮಗಳನ್ನು ಮದುವೆಯಾದದ್ದೇ ಮಕ್ಕಳ ಕಾಯಿಲೆಗೆ ಕಾರಣವೇ ಎಂಬ ಅಳುಕು ಡಾರ್ವಿನ್‌ಗೆ ಕೊನೆಯವರೆಗೂ ಇತ್ತು. 1871ರ ಜನಗಣತಿಯಲ್ಲಿ ಇಂಥ ಮದುವೆಗಳ ಬಗ್ಗೆ ಒಂದು ಪ್ರಶ್ನೆ ಸೇರಿಸಿ ಅಂತ ಸ್ನೇಹಿತರ ಮೂಲಕ ಸಂಸತ್ತಿಗೆ ಕೇಳಿಸಿದ. ಅವರು ಒಪ್ಪಲಿಲ್ಲ. ಗಣಿತ ಕಲಿತ ಮಗ ಜಾರ್ಜ್ ತಾನೇ ಅಂಕಿಅಂಶ ಕೂಡಿಸಿ 1875ರಲ್ಲಿ ಬರೆದ. ಅಪ್ಪ ಹೆದರಿದ್ದಷ್ಟು ಕೆಡುಕು ಕಾಣಲಿಲ್ಲ ಎಂಬ ಉತ್ತರ ಬಂತು.

ಗಂಡು ಮಕ್ಕಳಿಗೆ ಈ ಮನೆ ಒಂದು ಕಾಲೇಜಿದ್ದ ಹಾಗಾಯಿತು. ಜಾರ್ಜ್, ಫ್ರಾನ್ಸಿಸ್, ಹೊರೇಸ್ ಮೂವರೂ ಬ್ರಿಟನ್ನಿನ ವಿಜ್ಞಾನಿಗಳ ಹೆಸರಾಂತ ಸಂಘವಾದ ರಾಯಲ್ ಸೊಸೈಟಿಯ ಫೆಲೋ ಆದರು. 1880ರಲ್ಲಿ ಬಂದ ಗಿಡಗಳ ಚಲನೆಯ ಪುಸ್ತಕದ ಮುಖಪುಟದಲ್ಲೇ ಫ್ರಾನ್ಸಿಸ್ ನೆರವಿನೊಂದಿಗೆ ಅಂತ ಅಚ್ಚಾಗಿದೆ. ಹೆನ್ರಿಯೆಟಾ ತಿದ್ದಿದ ಪುಸ್ತಕದ ಮುಖಪುಟದಲ್ಲಿ ಅವಳ ಹೆಸರಿಲ್ಲ. ಕಾಲವೇ ಹಾಗಿತ್ತು ಅನ್ನಬಹುದು. ಅಂದರೂ ಲೆಕ್ಕ ಲೆಕ್ಕವೇ.

ವಾಲೇಸ್‌ಗೆ ಕೊನೆಗೂ ಖಾಯಂ ಕೆಲಸ ಸಿಗಲಿಲ್ಲ. ಡಾರ್ವಿನ್ ಓಡಾಡಿ, ಪ್ರಧಾನಿಯವರೆಗೂ ಮನವಿ ಮುಟ್ಟಿಸಿ, 1881ರಲ್ಲಿ ಅವನಿಗೆ ವರ್ಷಕ್ಕೆ 200 ಪೌಂಡ್ ಸರಕಾರಿ ಪಿಂಚಣಿ ಕೊಡಿಸಿದ. ದುಡ್ಡಿಲ್ಲದೆ ವಿಜ್ಞಾನ ಮಾಡುವುದು ಎಂಥ ಕಷ್ಟ ಅಂತ ಅವನಿಗೆ ಗೊತ್ತಿತ್ತು ಅನ್ನಿಸುತ್ತದೆ, ತಾನು ಆ ಕಷ್ಟ ಪಡದಿದ್ದರೂ.

1882ರಲ್ಲಿ ಡಾರ್ವಿನ್ ತೀರಿಕೊಂಡ. ಮನೆಯವರಿಗಾಗಿ ಅಂತ ಅವನು ಬರೆದಿಟ್ಟಿದ್ದ ಆತ್ಮಕಥೆಯನ್ನು ಫ್ರಾನ್ಸಿಸ್ ಅಚ್ಚು ಹಾಕಲು ಹೊರಟಾಗ ಮನೆಯಲ್ಲಿ ಜಗಳ ಎದ್ದಿತು. ಅದರಲ್ಲಿ ಧರ್ಮದ ಬಗ್ಗೆ ಖಾರವಾದ ಮಾತುಗಳಿದ್ದವು. ಇವು ಬೇಡ, ಓದಿದವರಿಗೆ ನೋವಾಗುತ್ತದೆ ಅಂತ ಎಮ್ಮಾ ಪಟ್ಟು ಹಿಡಿದಳು. ಹೆನ್ರಿಯೆಟಾ ಅಮ್ಮನ ಪರ. ಗಂಡ ಬದುಕಿದ್ದಾಗ ಅಂಚಿನಲ್ಲಿ ಟಿಪ್ಪಣಿ ಬರೆದು ಬಿಟ್ಟಿದ್ದವಳು ಈಗ ಕತ್ತರಿ ಹಾಕಿಸಿದಳು. 1887ರಲ್ಲಿ ಪುಸ್ತಕ ಬಂದಾಗ ಆ ಭಾಗಗಳು ಇರಲಿಲ್ಲ. ಸುಮಾರು ಆರು ಸಾವಿರ ಪದ ಬಿಟ್ಟುಹೋಗಿದ್ದವು. ಅವನ್ನೆಲ್ಲ ಮತ್ತೆ ಸೇರಿಸಿ 1958ರಲ್ಲಿ ಪೂರ್ತಿ ಆತ್ಮಕಥೆ ಹೊರತಂದವಳು ನೋರಾ ಬಾರ್ಲೋ. ಹೊರೇಸ್‌ನ ಮಗಳು, ಎಮ್ಮಾಳ ಮೊಮ್ಮಗಳು.